ಪೈಪು ಯಾವ ಕಡೆ ಹೋಗುತ್ತೆ?

ಎಲ್ಲರಿಗೂ ನಮಸ್ಕಾರ. ಅಸ್ಸಾಮ್ ಅಂದ್ರೆ ನಮ್ಮ ಕಡೆ ಚಹಾ ಅಂತಾರೆ, ಇಲ್ಲ ಖಡ್ಗಮೃಗ ಅಂತಾರೆ. ನನಗೆ ಮೊದಲು ನೆನಪಾಗೋದು ಎಣ್ಣೆ. ಬ್ಯಾಂಕ್ ಟ್ರಾನ್ಸ್‌ಫರ್ ಮೇಲೆ ಅಲ್ಲಿನ ಎಣ್ಣೆ ಊರು ದುಲಿಯಾಜಾನ್‌ನಲ್ಲಿ ಮೂರು ವರ್ಷ ಇದ್ದೆ, ಆವತ್ತಿಂದ ಒಂದೇ ಮಾತು ತಲೇಲಿ ಕೂತಿದೆ: ಎಣ್ಣೆ ಬಾವಿ ಇರೋ ಊರಿಗೆ ಹೋದ್ರೆ ಪೈಪು ಯಾವ ಕಡೆ ಹೋಗುತ್ತೆ ಅಂತ ಮೊದಲು ನೋಡಿ.

ಅಸ್ಸಾಮ್‌ನ ದಿಗ್ಬೋಯ್ ಊರಿನ ಆನೆ ಕಥೆ ನಿಮಗೆ ಗೊತ್ತಿರಬಹುದು, ಆದ್ರೂ ಹೇಳ್ತೀನಿ, ನನಗೆ ಇಷ್ಟ. ರೈಲು ಹಳಿ ಹಾಕೋ ಕಾಲ, ಕಾಡಿಂದ ಮರ ಎಳೆದು ತಂದ ಆನೆಗಳ ಕಾಲಿಗೆಲ್ಲ ಕಪ್ಪಗೆ ಅಂಟು ಮೆತ್ತಿಕೊಂಡಿತ್ತಂತೆ, ಹೆಜ್ಜೆ ಜಾಡು ಹಿಡಿದು ಹೋದ್ರೆ ನೆಲದಿಂದ ಎಣ್ಣೆ ಒಸರ್ತಾ ಇದೆ, ಸಾಹೇಬ ಕೆಲಸದವನಿಗೆ 'ಡಿಗ್ ಬಾಯ್, ಡಿಗ್', ಅಗಿಯೋ ಹುಡುಗಾ ಅಗಿ, ಅಂದನಂತೆ, ಅದೇ ಊರಿನ ಹೆಸರಾಯ್ತಂತೆ. ಅಲ್ಲಿ ಟೀ ಅಂಗಡಿಯವನೂ ಇದನ್ನ ಹೇಳ್ತಾನೆ, ಒಬ್ಬೊಬ್ಬರು ಹೇಳುವಾಗಲೂ ಆನೆ ಇನ್ನೊಂದು ಗೇಣು ಬೆಳೆದಿರುತ್ತೆ! ಹೆಸರಿನ ಮಾತು ಮಾತ್ರ ನಾನು ನಂಬಲ್ಲ. ಅಲ್ಲಿನ ದಿಮಾಸಾ ಭಾಷೆಯಲ್ಲಿ 'ದಿ' ಅಂದ್ರೆ ನೀರು, ದಿಹಿಂಗ್, ದಿಬ್ರು, ದಿಖೌ ಎಲ್ಲಾ ಹೊಳೆಗಳೇ. ಸಾಹೇಬ ಬರೋಕೆ ಮುಂಚೇನೂ ಆ ನೀರಿಗೆ ಹೆಸರಿಟ್ಟೋರು ಅಲ್ಲಿದ್ರು, ಅಷ್ಟು ನಾವು ಮರೀಬಾರದು. 1889ರಲ್ಲಿ ಬಾವಿ ಕೊರೆಯೋಕೆ ಶುರು ಮಾಡಿದ್ರು, 1901ರಲ್ಲಿ ರಿಫೈನರಿ, ಅಂದ್ರೆ ಕಚ್ಚಾ ಎಣ್ಣೆ ಶುದ್ಧ ಮಾಡೋ ಕಾರ್ಖಾನೆ, ಅದು ಇವತ್ತಿಗೂ ಓಡ್ತಿದೆ.

ಈಗ ಸಮುದ್ರ ಇಲ್ಲದ ರಾಜ್ಯದ ಕಷ್ಟ ನೋಡಿ. ಅಸ್ಸಾಮ್‌ಗೆ ಹತ್ತಿರದ ಬಂದರು ಚಿತ್ತಗಾಂಗ್, 1947ರಲ್ಲಿ ಅದು ಬೇರೆ ದೇಶಕ್ಕೆ ಹೋಯ್ತು. ಐವತ್ತರ ದಶಕದಲ್ಲಿ ಅಸ್ಸಾಮ್‌ನ ನಹರ್‌ಕಟಿಯಾದಲ್ಲಿ ಹೊಸ ಎಣ್ಣೆ ಸಿಕ್ತು, ಜನ ಖುಷಿಯಾದ್ರು, ದಿಲ್ಲಿಯವರು ದೊಡ್ಡ ರಿಫೈನರಿ ಬಿಹಾರದ ಬರೌನಿಯಲ್ಲಿ ಅಂದ್ರು. ಗಡಿ ಹತ್ತಿರ ಬೇಡ, ಮಾರ್ಕೆಟ್ ದೂರ ಅನ್ನೋ ವಾದ. ಜನ ಬೀದಿಗಿಳಿದ ಮೇಲೆ ಗುವಾಹಟಿಯ ನೂನ್‌ಮಾಟಿಗೆ ಒಂದು ಸಣ್ಣದು ಸಿಕ್ತು, 1962ರ ಜನವರಿ 1ಕ್ಕೆ ನೆಹರೂ ಉದ್ಘಾಟನೆ ಮಾಡಿದ್ರು. ಆದ್ರೆ ಪೈಪು? ಅದು ಗುವಾಹಟಿಯಲ್ಲಿ ನಿಲ್ಲಲಿಲ್ಲ, ನಹರ್‌ಕಟಿಯಾದಿಂದ ಸುಮಾರು 1,150 ಕಿಲೋಮೀಟರ್ ಉದ್ದಕ್ಕೆ ಬರೌನಿವರೆಗೆ ಹೋಯ್ತು.

ದುಲಿಯಾಜಾನ್‌ನಲ್ಲಿ ನಮ್ಮ ಮನೆ ಓನರ್‌ನ ನಾವೆಲ್ಲ ಬೈದೇವ್ ಅಂತಿದ್ವಿ, ಅಂದ್ರೆ ಅಕ್ಕ. ಅವರ ಮನೆ ಹಿಂದೆ ಚಹಾ ತೋಟ, ತೋಟದಾಚೆ ಗ್ಯಾಸ್ ಉರಿಸೋ ಕೊಳವೆ, ರಾತ್ರಿಯೆಲ್ಲ ಕಿತ್ತಳೆ ಬೆಳಕು, ವರಾಂಡದಲ್ಲಿ ಪೇಪರ್ ದಪ್ಪಕ್ಷರ ಓದಬಹುದಿತ್ತು. ಅದೇ ಬೆಳಕಲ್ಲಿ ಬೆಳಗಿನ ಜಾವ ಎದ್ದು ಬೈದೇವ್ ಐದು ಲೀಟರ್ ಕ್ಯಾನ್ ಹಿಡ್ಕೊಂಡು ಸೀಮೆಎಣ್ಣೆ ಕ್ಯೂಗೆ ಹೋಗ್ತಿದ್ರು. ಕ್ಯಾನಿಗೆ ಮುಚ್ಚಳ ಇರಲಿಲ್ಲ, ಬಾಳೆ ಎಲೆ ಸುತ್ತಿ ತುರುಕ್ತಿದ್ರು. ಈ ಚಿತ್ರ ನನ್ನ ಕಣ್ಣಿಂದ ಹೋಗಿಲ್ಲ.

'ತೇಜ್ ದಿಮ್, ತೇಲ್ ನಿದಿಯೋಂ', ರಕ್ತ ಕೊಡ್ತೀವಿ, ಎಣ್ಣೆ ಕೊಡಲ್ಲ, ಈ ಘೋಷಣೆ ಎಲ್ಲಿಂದ ಹುಟ್ತು ಅಂತ ನನಗೆ ಆಗ ಅರ್ಥ ಆಯ್ತು. ಅಸ್ಸಾಮ್ ಚಳವಳಿ ವಲಸಿಗರ ವಿಷಯಕ್ಕೆ ಶುರುವಾಗಿದ್ದು ನಿಜ, ಆದ್ರೆ 1980ರಲ್ಲಿ ಅವರು ಹಿಡಿದಿದ್ದು ಪೈಪನ್ನ, ಕಚ್ಚಾ ಎಣ್ಣೆ ನಿಂತ ಕೂಡ್ಲೆ ಇಡೀ ದೇಶ ಅಸ್ಸಾಮ್ ಕಡೆ ತಿರುಗಿ ನೋಡ್ತು. 1985ರಲ್ಲಿ ಕೇಂದ್ರ ಸರ್ಕಾರದ ಜೊತೆ ಆದ ಒಪ್ಪಂದದಲ್ಲಿ ಒಂದು ರಿಫೈನರಿ ಕೊಡ್ತೀವಿ ಅಂತ ಬರೆಸ್ಕೊಂಡ್ರು, ಅದೇ ನುಮಾಲಿಗಢ. ದೇಶಕ್ಕೆ ಸಮರ್ಪಣೆ ಆಗಿದ್ದು 1999ರಲ್ಲಿ, ಹದಿನಾಲ್ಕು ವರ್ಷ ಕಾಯಬೇಕಾಯ್ತು.

ಚೀಟಿ ಬಂತು, ಎರಡೇ ನಿಮಿಷ ಅಂತೆ. ಬೊಂಗಾಯಿಗಾಂವ್ ರಿಫೈನರಿ ವಿಷಯ ಬಿಡ್ತೀನಿ. ಅಸ್ಸಾಮ್‌ನ ಬಾಗ್‌ಜಾನ್ ಬಾವಿ ವಿಷಯ ಮಾತ್ರ ಬಿಡೋಕಾಗಲ್ಲ. 2020ರ ಮೇ 27ಕ್ಕೆ ಬಾವಿಯಿಂದ ತಡೆಯೋಕಾಗದೆ ಗ್ಯಾಸ್ ಚಿಮ್ಮಿತು, ಜೂನ್ 9ಕ್ಕೆ ಬೆಂಕಿ, ಅಗ್ನಿಶಾಮಕದ ಇಬ್ಬರು ತೀರಿಕೊಂಡ್ರು, ಸಾವಿರಾರು ಜನ ಕ್ಯಾಂಪಿಗೆ ಹೋದ್ರು, ಪಕ್ಕದ ಮಾಗುರಿ ಕೆರೆಯಲ್ಲಿ ಮೀನು ಸತ್ತವು, ಬೆಂಕಿ ಆರಿದ್ದು ನವೆಂಬರ್‌ನಲ್ಲಿ.

ಕೊನೇದು. ನುಮಾಲಿಗಢ ರಿಫೈನರಿಯನ್ನ ವರ್ಷಕ್ಕೆ 30 ಲಕ್ಷ ಟನ್‌ನಿಂದ 90 ಲಕ್ಷ ಟನ್‌ಗೆ ದೊಡ್ಡದು ಮಾಡ್ತಿದ್ದಾರೆ, ಅಷ್ಟು ಎಣ್ಣೆ ಅಸ್ಸಾಮ್ ಬಾವಿಗಳಲ್ಲಿ ಇಲ್ಲ, ಅದಕ್ಕೆ ಒಡಿಶಾದ ಪಾರಾದೀಪ್ ಬಂದರಿನಿಂದ ಕಚ್ಚಾ ಎಣ್ಣೆ ತರೋ ಪೈಪು ಹಾಕೋ ಕೆಲಸ ಕೈಗೆತ್ತಿಕೊಂಡ್ರು, 1,600 ಕಿಲೋಮೀಟರ್‌ಗಿಂತ ಉದ್ದ. ಈ ಸಲ ಪೈಪು ಅಸ್ಸಾಮ್ ಕಡೆಗೆ ಬರ್ತಿದೆ. ನಮಸ್ಕಾರ.