ಕೊನೆಯ ಸ್ಥಾನದವರ ಬೇಸಿಗೆ: ಡೆಟ್ರಾಯಿಟ್ ಪಿಸ್ಟನ್ಸ್‌ನ ಎರಡು ಜುಲೈಗಳು

ಎಲ್ಲರಿಗೂ ನಮಸ್ಕಾರ.

ಏಪ್ರಿಲ್ ಮಧ್ಯದಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಪ್ರತಿ ತಂಡದ 82 ಪಂದ್ಯಗಳು ಮುಗಿಯುತ್ತವೆ. ಒಳ್ಳೆಯ ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ. ಕೊನೆಯ ಸ್ಥಾನದ ತಂಡವನ್ನು ನೆಚ್ಚಿಕೊಂಡು ಕೂತವನಿಗೆ ಸೀಸನ್ ಶುರುವಾಗುವುದೇ ಆಗ. ಮೇ ತಿಂಗಳಲ್ಲಿ ಡ್ರಾಫ್ಟ್ ಲಾಟರಿ, ಜೂನ್ ಕೊನೆಗೆ ಡ್ರಾಫ್ಟ್. ಡ್ರಾಫ್ಟ್‌ನಲ್ಲಿ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ; ಆ ಸರದಿಯೇ ‘ಪಿಕ್’, ಮೊದಲ ಪಿಕ್‌ಗಳು ಯಾರಿಗೆ ಎಂದು ಹೇಳುವುದು ಲಾಟರಿ. ಜೂನ್ 30ರಂದು ಅಮೆರಿಕದ ಪೂರ್ವ ಭಾಗದ ಸಂಜೆ ಆರಕ್ಕೆ, ಇಲ್ಲಿ ಬೆಂಗಳೂರಲ್ಲಿ ಕೂತು ನೋಡುವವರಿಗೆ ಜುಲೈ 1ರ ಬೆಳಗಿನ ಜಾವ ಮೂರೂವರೆಗೆ, ಬೇರೆ ತಂಡಗಳ ಫ್ರೀ ಏಜೆಂಟ್‌ಗಳ, ಅಂದರೆ ಒಪ್ಪಂದ ಮುಗಿದ ಆಟಗಾರರ, ಜೊತೆ ಮಾತುಕತೆಗೆ ಅನುಮತಿ ಸಿಗುತ್ತದೆ. ಜುಲೈ 6ರ ಮಧ್ಯಾಹ್ನದವರೆಗೆ ಹೆಚ್ಚಿನ ಒಪ್ಪಂದಗಳಿಗೆ ಸಹಿ ಬೀಳುವುದಿಲ್ಲ. ಆ ಆರು ದಿನ ನಾವು ಓದುವುದೆಲ್ಲ ಬಾಯಿಮಾತಿನ ಸುದ್ದಿ, ಅಷ್ಟೇ.

ಸೋಲುವ ತಂಡದ ಬೇಸಿಗೆಯನ್ನು ಹೇಗೆ ಓದಬೇಕು ಎನ್ನುವುದು ಇವತ್ತಿನ ವಿಷಯ. ಉದಾಹರಣೆಗೆ ಡೆಟ್ರಾಯಿಟ್ ಪಿಸ್ಟನ್ಸ್‌ಗಿಂತ ಒಳ್ಳೆಯ ತಂಡ ಸಿಗದು. 2023-24ರಲ್ಲಿ ಅವರು ಗೆದ್ದದ್ದು 14, ಸೋತದ್ದು 68. ಮೊದಲ ಮೂರರಲ್ಲಿ ಎರಡು ಗೆದ್ದು, ಆಮೇಲೆ ಸತತ 28 ಸೋತರು. ಒಂದೇ ಸೀಸನ್‌ನೊಳಗೆ ಅಷ್ಟು ಉದ್ದದ ಸೋಲಿನ ಸರಣಿ ಲೀಗಿನಲ್ಲಿ ಅದಕ್ಕೆ ಮೊದಲು ಇರಲಿಲ್ಲ. ಡಿಸೆಂಬರ್ 30ರಂದು ಟೊರಾಂಟೊ ವಿರುದ್ಧ 129-127ರಿಂದ ಗೆದ್ದಾಗ ಸರಣಿ ಮುರಿಯಿತು. ಅಷ್ಟರಲ್ಲಿ ಅಭಿಮಾನಿಗಳು ಕ್ರೀಡಾಂಗಣದಲ್ಲೇ ಮಾಲೀಕ ಟಾಮ್ ಗೋರ್ಸ್‌ಗೆ ‘ತಂಡ ಮಾರಿಬಿಡಿ’ ಎಂದು ಕೂಗಿ ಆಗಿತ್ತು. ಅದೇ ತಂಡ ಮರುವರ್ಷ 44 ಗೆದ್ದಿತು. ಹಿಂದಿನ ವರ್ಷದ ಗೆಲುವುಗಳನ್ನು ಮೂರು ಪಟ್ಟಿಗಿಂತ ಹೆಚ್ಚು ಮಾಡಿಕೊಂಡ ಮೊದಲ ಎನ್‌ಬಿಎ ತಂಡ ಅದು. ಮಧ್ಯೆ ಇದ್ದದ್ದು ಒಂದೇ ಒಂದು ಬೇಸಿಗೆ. ದೊಡ್ಡ ತಾರೆ ಯಾರೂ ಬರಲಿಲ್ಲ.

ಮೊದಲು ಲಾಟರಿಯ ಭ್ರಮೆಯನ್ನು ತೆಗೆದುಹಾಕೋಣ. ‘ಸೋಲಲಿ ಬಿಡಿ, ಮೊದಲ ಪಿಕ್ ಸಿಗುತ್ತದೆ’ ಎಂಬ ಸಮಾಧಾನ ನಮ್ಮಲ್ಲಿ ಬಹಳ ಇದೆ. 2019ರಿಂದ ಆ ಲೆಕ್ಕ ಬದಲಾಗಿದೆ. ಅತಿ ಕೆಟ್ಟ ಮೂರೂ ತಂಡಗಳಿಗೆ ಮೊದಲ ಪಿಕ್‌ನ ಸಾಧ್ಯತೆ ಸಮ: ತಲಾ ಶೇ. 14. ಕೊನೆಯ ಸ್ಥಾನದವರಿಗೆ ಇರುವ ಹೆಚ್ಚುವರಿ ರಕ್ಷಣೆ ಒಂದೇ, ಐದಕ್ಕಿಂತ ಕೆಳಗೆ ಬೀಳುವುದಿಲ್ಲ. ಆದರೆ ಆ ಐದನೆಯ ಪಿಕ್ಕೇ ಸಿಗುವ ಸಾಧ್ಯತೆ ಶೇ. 47.9. ಹೆಚ್ಚುಕಡಿಮೆ ಅರ್ಧ! ಡೆಟ್ರಾಯಿಟ್‌ಗೆ 2023ರಲ್ಲೂ 2024ರಲ್ಲೂ ಹಾಗೇ ಆಯಿತು. 2023ರಲ್ಲಿ ವಿಕ್ಟರ್ ವೆಂಬನ್ಯಾಮ ಸ್ಯಾನ್ ಆಂಟೋನಿಯೋ ಪಾಲಾದ, ಡೆಟ್ರಾಯಿಟ್ ಐದನೆಯವನಾಗಿ ಆಸಾರ್ ಥಾಂಪ್ಸನ್‌ನನ್ನು ತೆಗೆದುಕೊಂಡಿತು. 2024ರಲ್ಲಿ ಬರೀ ಶೇ. 3 ಸಾಧ್ಯತೆ ಇದ್ದ ಅಟ್ಲಾಂಟಾಗೆ ಮೊದಲ ಪಿಕ್ ಹೊಡೆಯಿತು, ಡೆಟ್ರಾಯಿಟ್ ಮತ್ತೆ ಐದಕ್ಕೆ ಇಳಿದು ರಾನ್ ಹಾಲೆಂಡ್‌ನನ್ನು ಆರಿಸಿತು. 2025ರಲ್ಲಿ ಕೊನೆಯ ಸ್ಥಾನದ ಯೂಟಾ ಜಾಝ್‌ಗೂ ಐದೇ ಗತಿ. ಲಾಟರಿ ನಿಮ್ಮ ಕೈಯಲ್ಲಿಲ್ಲ. ಬೇಸಿಗೆಯಲ್ಲಿ ಕೈಯಲ್ಲಿರುವುದು ಹಣ, ಜಾಗ, ಸಮಯ.

ಹಣದ ವಿಷಯಕ್ಕೆ ಬರೋಣ. 2024-25ರ ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡದ ಆಟಗಾರರ ಒಟ್ಟು ಸಂಬಳಕ್ಕೆ ಲೀಗ್ ಹಾಕುವ ಮಿತಿ, 14.06 ಕೋಟಿ ಡಾಲರ್. ಕ್ಯಾಪ್ ಎಂದರೆ ದಾಟಲೇಬಾರದ ಗೋಡೆ ಅಂತ ಹೊಸಬರು ತಿಳಿಯುತ್ತಾರೆ. ಒಳ್ಳೆಯ ತಂಡಗಳೆಲ್ಲ ಅದನ್ನು ದಾಟಿಯೇ ಇರುತ್ತವೆ, ಏಕೆಂದರೆ ತಮ್ಮಲ್ಲೇ ಇರುವ ಆಟಗಾರರನ್ನು ಉಳಿಸಿಕೊಳ್ಳಲು ಕ್ಯಾಪ್ ಮೀರಲು ನಿಯಮ ಬಿಡುತ್ತದೆ. ಕೆಟ್ಟ ತಂಡ ಕ್ಯಾಪ್‌ಗಿಂತ ಕೆಳಗಿರುತ್ತದೆ, ಅದಕ್ಕೆ ಇನ್ನೊಂದು ಮಿತಿ ಕಾಟ ಕೊಡುತ್ತದೆ. ಕ್ಯಾಪ್‌ನ ಶೇ. 90ರಷ್ಟು, ಆ ವರ್ಷ ಸುಮಾರು 12.65 ಕೋಟಿ, ಸಂಬಳಕ್ಕೆ ಹೋಗಲೇಬೇಕು. ಸೀಸನ್‌ನ ಮೊದಲ ದಿನದೊಳಗೆ ಅಷ್ಟು ಮುಟ್ಟದಿದ್ದರೆ, ದುಬಾರಿ ತಂಡಗಳು ಕಟ್ಟುವ ಐಷಾರಾಮಿ ತೆರಿಗೆಯಲ್ಲಿ ಆ ತಂಡಕ್ಕೆ ಬರುವ ಪಾಲು ಕೈತಪ್ಪುತ್ತದೆ.

ಇದು ಗೊತ್ತಿದ್ದರೆ ಟೋಬಿಯಸ್ ಹ್ಯಾರಿಸ್‌ನ ಒಪ್ಪಂದ ಬೇರೆ ಥರ ಕಾಣುತ್ತದೆ. 2024ರ ಜುಲೈನಲ್ಲಿ ಡೆಟ್ರಾಯಿಟ್ ಅವನಿಗೆ ಎರಡು ವರ್ಷಕ್ಕೆ 5.2 ಕೋಟಿ ಕೊಟ್ಟಿತು. ಫಿಲಡೆಲ್ಫಿಯಾದಲ್ಲಿ ಬೈಗುಳ ತಿಂದು ಬಂದವನಿಗೆ ವರ್ಷಕ್ಕೆ 2.6 ಕೋಟಿಯೇ ಅಂತ ನಕ್ಕವರು ಬಹಳ. ಕೇಳಬೇಕಾಗಿದ್ದ ಪ್ರಶ್ನೆ ‘ಎಷ್ಟು’ ಅಲ್ಲ, ‘ಎಷ್ಟು ವರ್ಷ’. ಹೇಗಿದ್ದರೂ ಖರ್ಚಾಗಬೇಕಾದ ಹಣ ಅದು. ಎರಡೇ ವರ್ಷ ಅಂದರೆ ತಂಡದ ಎಳೆಯ ಹುಡುಗರ ದೊಡ್ಡ ಸಂಬಳ ಬರುವ ಹೊತ್ತಿಗೆ ಆ ಜಾಗ ಖಾಲಿ. ಅದೇ ಆಟಗಾರನಿಗೆ ವರ್ಷಕ್ಕೆ 1.8 ಕೋಟಿಯಂತೆ ನಾಲ್ಕು ವರ್ಷ ಕೊಟ್ಟಿದ್ದರೆ ಪತ್ರಿಕೆಗಳು ‘ಅಗ್ಗ’ ಅನ್ನುತ್ತಿದ್ದವು, ತಂಡಕ್ಕೆ ಅದು ಭಾರವಾಗುತ್ತಿತ್ತು.

ಉದ್ದದ ಒಪ್ಪಂದದ ಪಾಪ ಎಷ್ಟು ದಿನ ಕಾಡುತ್ತದೆ ಎನ್ನುವುದಕ್ಕೂ ಡೆಟ್ರಾಯಿಟ್ ಲೆಕ್ಕದಲ್ಲೇ ಸಾಕ್ಷಿ ಇದೆ. 2020ರ ನವೆಂಬರ್‌ನಲ್ಲಿ ಡ್ವೇನ್ ಡೆಡ್ಮನ್ ಎಂಬ ಸೆಂಟರ್‌ನನ್ನು (ಬಾಸ್ಕೆಟ್ ಬಳಿ ಆಡುವ ಎತ್ತರದ ಆಟಗಾರ) ಟ್ರೇಡ್‌ನಲ್ಲಿ, ಅಂದರೆ ತಂಡಗಳ ನಡುವಿನ ವಿನಿಮಯದಲ್ಲಿ, ತಂದು, ಒಂದು ಪಂದ್ಯವನ್ನೂ ಆಡಿಸದೆ ಬಿಡುಗಡೆ ಮಾಡಿದರು. ಬಾಕಿ ಸಂಬಳವನ್ನು ‘ಸ್ಟ್ರೆಚ್’ ಮಾಡಿದರು. ಉಳಿದ ವರ್ಷಗಳ ಎರಡರಷ್ಟು, ಮೇಲೆ ಒಂದು ವರ್ಷ ಸೇರಿಸಿ ಕಂತು ಹಾಕುವ ನಿಯಮ ಅದು. ಎರಡು ವರ್ಷ ಉಳಿದಿತ್ತು, ಹಾಗಾಗಿ ಐದು ಕಂತು. ವರ್ಷಕ್ಕೆ ಸುಮಾರು 29 ಲಕ್ಷ ಡಾಲರ್, 2024-25ರವರೆಗೂ ಲೆಕ್ಕದಲ್ಲಿ ಕೂತಿತ್ತು. ನಿಮ್ಮ ತಂಡ ಯಾರನ್ನಾದರೂ ಸ್ಟ್ರೆಚ್ ಮಾಡಿತು ಎಂದು ಕೇಳಿದ ಕೂಡಲೇ ಮೊದಲು ಕಂತು ಮುಗಿಯುವ ವರ್ಷವನ್ನು ಎಣಿಸಿ. ಅಂದ ಹಾಗೆ ಕೋಚ್‌ನ ಸಂಬಳ ಕ್ಯಾಪ್‌ಗೆ ಸೇರುವುದಿಲ್ಲ. 2023ರಲ್ಲಿ ಆರು ವರ್ಷಕ್ಕೆ 7.85 ಕೋಟಿ ಕೊಟ್ಟು ಕರೆತಂದ ಮಾಂಟಿ ವಿಲಿಯಮ್ಸ್‌ನನ್ನು ಒಂದೇ ಸೀಸನ್‌ಗೆ ಕಳಿಸಿದಾಗ ‘ಈಗ ಆಟಗಾರರಿಗೆ ಹಣ ಎಲ್ಲಿ’ ಎಂದು ಗೋಳಾಡಿದವರಿದ್ದರು. ಹೋದದ್ದು ಮಾಲೀಕನ ಜೇಬಿನಿಂದ. ತಂಡ ಕಟ್ಟುವ ಜಾಗಕ್ಕೆ ಒಂದು ಪೈಸೆಯೂ ನಷ್ಟವಿಲ್ಲ.

ಈಗ ಎರಡು ಜುಲೈಗಳನ್ನು ಅಕ್ಕಪಕ್ಕ ಇಡೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಮೇಲ್ನೋಟಕ್ಕೆ ಎರಡರಲ್ಲೂ ಮಾಡಿದ್ದು ಒಂದೇ ಕೆಲಸ.

2023ರಲ್ಲಿ ಕ್ಯಾಪ್ ಜಾಗ, ಅಂದರೆ ಕ್ಯಾಪ್ ಮುಟ್ಟಲು ಇನ್ನೂ ಉಳಿದಿದ್ದ ಹಣ, ಬಳಸಿ ಬ್ರೂಕ್ಲಿನ್‌ನಿಂದ ಜೋ ಹ್ಯಾರಿಸ್‌ನನ್ನು ತಂದರು. ಸಂಬಳ ಸುಮಾರು 2 ಕೋಟಿ. ಹೊರೆ ಇಳಿಸಿಕೊಂಡದ್ದಕ್ಕೆ ಬ್ರೂಕ್ಲಿನ್ ಎರಡು ಎರಡನೇ ಸುತ್ತಿನ ಪಿಕ್‌ಗಳನ್ನು ಜೊತೆಗೆ ಕೊಟ್ಟಿತು. ವಾಷಿಂಗ್ಟನ್‌ನಿಂದ ಆಟ ಹೆಣೆಯುವ ಪಾಯಿಂಟ್ ಗಾರ್ಡ್ ಮಾಂಟೆ ಮಾರಿಸ್ ಬಂದ. 2024ರಲ್ಲಿ ಡಲ್ಲಾಸ್‌ಗೆ ಕ್ಲೇ ಥಾಂಪ್ಸನ್‌ನನ್ನು ತರಲು ಜಾಗ ಬೇಕಿತ್ತು. 1.62 ಕೋಟಿ ಸಂಬಳದ ಟಿಮ್ ಹಾರ್ಡವೇ ಜೂನಿಯರ್‌ನನ್ನು ಡೆಟ್ರಾಯಿಟ್‌ಗೆ ದಾಟಿಸಿ, ಮೂರು ಎರಡನೇ ಸುತ್ತಿನ ಪಿಕ್‌ಗಳನ್ನೂ ಕೊಟ್ಟಿತು. ಬದಲಿಗೆ ಪಡೆದದ್ದು ಸುಮಾರು 43 ಲಕ್ಷ ಸಂಬಳದ ಕ್ವೆಂಟಿನ್ ಗ್ರೈಮ್ಸ್‌ನನ್ನು. ನಡುವಿನ 1.2 ಕೋಟಿಯ ಅಂತರವನ್ನು ನುಂಗಲು ಕ್ಯಾಪ್ ಜಾಗ ಇರುವವನಿಗೆ ಸುಲಭ. ಬಡ ತಂಡದ ಕೈಯಲ್ಲಿರುವ ನಿಜವಾದ ಸರಕು ಇದೇ.

ಹಾಗಾದರೆ ಮೊದಲನೆಯದು ಯಾಕೆ ಕೆಟ್ಟಿತು? ಒಂದು, ಹೊರಗಿನಿಂದ, ಅಂದರೆ ದೂರದ ಮೂರು ಪಾಯಿಂಟ್ ಗೆರೆಯಾಚೆಯಿಂದ, ಚೆಂಡು ಹಾಕುವ ಕೆಲಸಕ್ಕೆ ತಂದದ್ದು ಜೋ ಹ್ಯಾರಿಸ್ ಒಬ್ಬನನ್ನೇ, ಅವನೂ ಪಾದದ ಕೀಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದವನು. ತಂಡದಲ್ಲಿ ಮೊದಲೇ ಇದ್ದ ಬೊಯಾನ್ ಬೊಗ್ಡಾನೊವಿಚ್ ಸೀಸನ್ ಆರಂಭಕ್ಕೇ ಗಾಯಾಳು. ಮಾರಿಸ್ ಕೂಡ ಗಾಯಾಳು. ಫೆಬ್ರವರಿಯೊಳಗೆ ಹ್ಯಾರಿಸ್‌ನನ್ನು ಬಿಡುಗಡೆ ಮಾಡಿ ಆಗಿತ್ತು, ಮಾರಿಸ್ ಮಿನ್ನೆಸೋಟಕ್ಕೆ ಹೋಗಿದ್ದ. ಎರಡು, ಆಟಗಾರರನ್ನು ಆರಿಸುವವರದ್ದೂ ಆಡಿಸುವವರದ್ದೂ ಒಂದೇ ಯೋಜನೆ ಆಗಿರಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. 2022ರಲ್ಲಿ ಐದನೆಯ ಪಿಕ್ ಆಗಿ ಬಂದಿದ್ದ ಜೇಡನ್ ಐವಿಯನ್ನು ಬೆಂಚಿಗೆ ಕೂರಿಸಿ, ಹೊರಗಿನಿಂದ ಗುರಿ ಇಲ್ಲದ ಕಿಲಿಯನ್ ಹೇಸ್‌ನನ್ನು ಮೊದಲ ಐವರಲ್ಲಿ ಆಡಿಸಿದರು.

ಇದರ ಪರಿಣಾಮವನ್ನು ಒಂದೇ ಆಟದಲ್ಲಿ ನೋಡಬಹುದು. ತಂಡದ ಮುಖ್ಯ ಆಟಗಾರ ಕೇಡ್ ಕನ್ನಿಂಗ್‌ಹ್ಯಾಮ್ ಚೆಂಡು ಹಿಡಿದು ಮಧ್ಯದಲ್ಲಿ ನಿಂತಿದ್ದಾನೆ. ಸೆಂಟರ್ ಜೇಲನ್ ಡ್ಯೂರೆನ್ ಬಂದು ಸ್ಕ್ರೀನ್ ಹಾಕುತ್ತಾನೆ, ಅಂದರೆ ಕೇಡ್‌ನ ಕಾವಲಿನವನಿಗೆ ಮೈಯಡ್ಡ ನಿಲ್ಲುತ್ತಾನೆ, ತಕ್ಷಣ ತಿರುಗಿ ಬಾಸ್ಕೆಟ್ ಕಡೆ ಓಡುತ್ತಾನೆ. ಕೇಡ್‌ನ ಕಾವಲಿನವನು ಸ್ಕ್ರೀನ್‌ಗೆ ಸಿಕ್ಕಿಕೊಂಡ. ಈಗ ಇಬ್ಬರ ಮುಂದೆ ಒಬ್ಬನೇ ದೊಡ್ಡಾಳು, ಅಂಕ ಬರಲೇಬೇಕು. ಆದರೆ ಮೂಲೆಯಲ್ಲಿ ಆಸಾರ್ ಥಾಂಪ್ಸನ್ ನಿಂತಿದ್ದಾನೆ. ಮೊದಲ ವರ್ಷ ಅವನ ಮೂರು ಪಾಯಿಂಟ್ ಯಶಸ್ಸು ಶೇ. 18.6. ಅವನ ಕಾವಲಿನವನು ಅವನನ್ನು ಅಲ್ಲೇ ಬಿಟ್ಟು ನಾಲ್ಕು ಹೆಜ್ಜೆ ಒಳಗೆ ಬಂದು ಡ್ಯೂರೆನ್‌ನ ದಾರಿಗೆ ಅಡ್ಡ ನಿಲ್ಲುತ್ತಾನೆ. ಇನ್ನೊಂದು ಬದಿಯಲ್ಲಿ ಹೇಸ್ ಇದ್ದರೆ ಅವನವನೂ ಒಳಗೆ ಬರುತ್ತಾನೆ. ಕೇಡ್ ಮುಂದೆ ಮೂರು ಜೊತೆ ಕೈ. ಪಾಸ್ ಕೊಟ್ಟರೆ ಕಸಿದುಕೊಳ್ಳುತ್ತಾರೆ, ಕೊಡದಿದ್ದರೆ ಕಷ್ಟದ ಶಾಟ್. ಆ ವರ್ಷ ಕೇಡ್ ಚೆಂಡು ಬಹಳ ಕಳೆದುಕೊಳ್ಳುತ್ತಾನೆ ಎಂದು ಟೀಕಿಸಿದವರು ಮೂಲೆಯನ್ನು ನೋಡಲಿಲ್ಲ.

ಮರುವರ್ಷ ಅದೇ ಮೂಲೆಯಲ್ಲಿ ಮಲಿಕ್ ಬೀಸ್ಲಿ. ಒಂದು ವರ್ಷಕ್ಕೆ 60 ಲಕ್ಷ ಡಾಲರ್‌ನ ಒಪ್ಪಂದ. 82 ಪಂದ್ಯಗಳಲ್ಲಿ 319 ಮೂರು ಪಾಯಿಂಟರ್ ಹಾಕಿದ, ಯಶಸ್ಸು ಶೇ. 41.6. ಲೀಗಿನಲ್ಲಿ ಅವನಿಗಿಂತ ಮುಂದೆ ಇದ್ದದ್ದು 320 ಹಾಕಿದ ಆಂಥನಿ ಎಡ್ವರ್ಡ್ಸ್ ಒಬ್ಬನೇ. ಅಂಥವನನ್ನು ಬಿಟ್ಟು ಕಾವಲಿನವನು ಅರ್ಧ ಹೆಜ್ಜೆಯೂ ಒಳಗೆ ಬರಲಾರ. ಅದೇ ಸ್ಕ್ರೀನ್, ಅದೇ ಡ್ಯೂರೆನ್, ಈಗ ದಾರಿ ಖಾಲಿ. ಕೇಡ್‌ನ ಸರಾಸರಿ ಪಂದ್ಯಕ್ಕೆ 26.1 ಪಾಯಿಂಟ್, 9.1 ಅಸಿಸ್ಟ್‌ಗೆ (ಅಂಕಕ್ಕೆ ದಾರಿ ಮಾಡಿದ ಪಾಸ್) ಏರಿತು. ಅವನು ಬೆಳೆದದ್ದು ನಿಜ, ಜೊತೆಗೆ ಅವನಿಗೆ ಜಾಗ ಸಿಕ್ಕಿದ್ದೂ ಅಷ್ಟೇ ನಿಜ. ಮುಖ್ಯವಾಗಿ, ಹೊಸ ಅಧ್ಯಕ್ಷ ಟ್ರೇಜನ್ ಲ್ಯಾಂಗ್ಡನ್ ಹೊರಗಿನಿಂದ ಹಾಕುವವರನ್ನು ಒಬ್ಬನಿಗೆ ನಿಲ್ಲಿಸಲಿಲ್ಲ: ಬೀಸ್ಲಿ, ಹಾರ್ಡವೇ, ಟೋಬಿಯಸ್ ಹ್ಯಾರಿಸ್, ಜೊತೆಗೆ ಎರಡು ವರ್ಷಕ್ಕೆ 1.6 ಕೋಟಿಯಂತೆ ಉಳಿಸಿಕೊಂಡ ಸಿಮೋನೆ ಫಾಂಟೆಕಿಯೊ. ಒಬ್ಬ ಗಾಯಗೊಂಡರೂ ಕಟ್ಟಡ ಬೀಳದು. 2025ರ ಜನವರಿ 1ರಂದು ಐವಿಯ ಕಾಲಿನ ಮೂಳೆ ಮುರಿದಾಗಲೂ ತಂಡ ಕುಸಿಯಲಿಲ್ಲ.

ಎಲ್ಲ ಹಣವನ್ನೂ ಜುಲೈನಲ್ಲೇ ಸುರಿಯಲಿಲ್ಲ ಎನ್ನುವುದು ನನಗೆ ಇನ್ನೂ ಹಿಡಿಸಿದ ವಿಷಯ. ಸ್ವಲ್ಪ ಕ್ಯಾಪ್ ಜಾಗವನ್ನು ಫೆಬ್ರವರಿಯವರೆಗೆ ಉಳಿಸಿಕೊಂಡರು. ಜಿಮ್ಮಿ ಬಟ್ಲರ್ ಗೋಲ್ಡನ್ ಸ್ಟೇಟ್‌ಗೆ ಹೋದ ಐದು ತಂಡಗಳ ಟ್ರೇಡ್‌ನಲ್ಲಿ ಯಾರೋ ಒಬ್ಬರು ಸಂಬಳ ನುಂಗಬೇಕಿತ್ತು. ಡೆಟ್ರಾಯಿಟ್ ನುಂಗಿತು, ಪ್ಲೇಆಫ್ ಅನುಭವದ ಡೆನಿಸ್ ಶ್ರೂಡರ್ ಸಿಕ್ಕಿದ. ಜುಲೈನಲ್ಲಿ ‘ಇನ್ನೂ ಜಾಗ ಇದೆ, ಯಾಕೆ ಸುಮ್ಮನಿದ್ದಾರೆ’ ಎಂದು ಸಿಡಿಮಿಡಿಗೊಂಡ ಅಭಿಮಾನಿಗೆ ಉತ್ತರ ಏಳು ತಿಂಗಳ ನಂತರ ಬಂತು. ಆ ತಂಡ ನ್ಯೂಯಾರ್ಕ್ ವಿರುದ್ಧ 4-2ರಿಂದ ಸೋತರೂ, ಎರಡನೇ ಪಂದ್ಯ ಗೆದ್ದು ಪ್ಲೇಆಫ್‌ನ ಸತತ 15 ಸೋಲುಗಳ ದಾಖಲೆಗೆ ಕೊನೆ ಹಾಡಿತು.

ಇದಕ್ಕೆಲ್ಲ ಬೆಲೆ ತೆರಲಿಲ್ಲ ಅಂತಲ್ಲ. ಕೊಟ್ಟ ಗ್ರೈಮ್ಸ್ ಡಲ್ಲಾಸ್‌ನಿಂದ ಫಿಲಡೆಲ್ಫಿಯಾಗೆ ಹೋಗಿ ಅಲ್ಲಿ ಮಿಂಚಿದ. ಡೆಟ್ರಾಯಿಟ್‌ಗೆ ಅವನು ಆಡಿದ್ದು ಕೆಲವೇ ಪಂದ್ಯ, ಅವನ ಬೆಲೆ ಅಳೆಯಲು ಯಾರಿಗೂ ಸಮಯ ಸಿಕ್ಕಿರಲಿಲ್ಲ. ಇನ್ನೊಂದು ಹಳೆಯ ಸಾಲ. 2020ರಲ್ಲಿ ಐಸಾಯಾ ಸ್ಟುವರ್ಟ್‌ನನ್ನು ತರಲು ಒಂದು ಮೊದಲ ಸುತ್ತಿನ ಪಿಕ್ ಕೊಟ್ಟಿದ್ದರು, ರಕ್ಷಣೆಯ ಷರತ್ತಿನೊಂದಿಗೆ. ತಂಡ ಕೆಟ್ಟದಾಗಿ ಆಡಿದರೆ ಪಿಕ್ ತಮ್ಮಲ್ಲೇ ಉಳಿಯುತ್ತದೆ, ಸಾಲ ಮುಂದಿನ ವರ್ಷಕ್ಕೆ ಹೋಗುತ್ತದೆ. ಕೇಳಲು ಚೆಂದ. ಆದರೆ ಸತತ ಎರಡು ವರ್ಷ ಮುಂದಿನ ಮೊದಲ ಸುತ್ತಿನ ಪಿಕ್ ಇಲ್ಲದಂತೆ ಮಾಡಿಕೊಳ್ಳಬಾರದು ಎಂಬ ಸ್ಟೆಪಿಯನ್ ನಿಯಮ ಇದೆಯಲ್ಲ, ಅದರಿಂದಾಗಿ ತೀರದ ಸಾಲ ಪ್ರತಿ ಬೇಸಿಗೆ ಬೇರೆ ಪಿಕ್‌ಗಳನ್ನೂ ಕಟ್ಟಿಹಾಕುತ್ತದೆ. 2025ರಲ್ಲಿ 17ನೆಯ ಪಿಕ್ ಮಿನ್ನೆಸೋಟಕ್ಕೆ ಸಂದಾಯವಾದಾಗ ಸಾಲ ತೀರಿತು. ಪಿಕ್ ಹೋಯಿತೆಂದು ಬೇಜಾರು ಮಾಡಿಕೊಂಡವರಿಗೆ ಹೇಳುವುದಿಷ್ಟೇ: ಅವತ್ತಿನಿಂದ ಟ್ರೇಡ್ ಮಾತುಕತೆಗೆ ಕೈ ಬಿಡುವಾಯಿತು.

ಕೇಡ್‌ನ ಲೆಕ್ಕ ಕಡೆಯದು. 2024ರ ಜುಲೈನಲ್ಲಿ ಅವನು ಸಹಿ ಹಾಕಿದ್ದು ಐದು ವರ್ಷಕ್ಕೆ 22.4 ಕೋಟಿಯ ಒಪ್ಪಂದ, ಆದರೆ ಅದು ಜಾರಿಗೆ ಬರುವುದು 2025-26ರಿಂದ. ಹಾಗಾಗಿ 2024-25ರಲ್ಲಿ ಅವನ ಸಂಬಳ ಇನ್ನೂ 1.39 ಕೋಟಿಯೇ. ಮೇಲೆ ಹೇಳಿದ ಖರೀದಿಗಳಿಗೆಲ್ಲ ಜಾಗ ಸಿಕ್ಕಿದ್ದು ಆ ಒಂದು ವರ್ಷದ ಕಿಂಡಿಯಿಂದ. ಒಪ್ಪಂದದಲ್ಲಿ ಇನ್ನೊಂದು ಸಾಲು ಇತ್ತು. ಆಲ್-ಎನ್‌ಬಿಎ ತಂಡಗಳಿಗೆ, ಅಂದರೆ ವರ್ಷದ ಶ್ರೇಷ್ಠ ಆಟಗಾರರ ಪಟ್ಟಿಗೆ, ಆಯ್ಕೆಯಾದರೆ ಮೊದಲ ವರ್ಷದ ಸಂಬಳ ಕ್ಯಾಪ್‌ನ ಶೇ. 25ರಿಂದ 30ಕ್ಕೆ ಏರುತ್ತದೆ. ಆ ಗೌರವಕ್ಕೆ ಕನಿಷ್ಠ 65 ಪಂದ್ಯ ಆಡಿರಬೇಕು, ಅವನು 70 ಆಡಿದ, ಮೂರನೇ ತಂಡಕ್ಕೆ ಆಯ್ಕೆಯೂ ಆದ. 2025-26ರ ಕ್ಯಾಪ್ 15.46 ಕೋಟಿ. ಅದರ ಶೇ. 30 ಅಂದರೆ 4.64 ಕೋಟಿ, ಐದು ವರ್ಷಕ್ಕೆ ಒಟ್ಟು ಸುಮಾರು 26.9 ಕೋಟಿ.

ಅಲ್ಲಿಗೆ 2025ರ ಬೇಸಿಗೆಯ ಆಟವೇ ಬದಲಾಯಿತು. ಡಂಕನ್ ರಾಬಿನ್ಸನ್ ಮಯಾಮಿಯಿಂದ ಬಂದದ್ದು ಸೈನ್-ಅಂಡ್-ಟ್ರೇಡ್ ದಾರಿಯಲ್ಲಿ, ಅಂದರೆ ಹಳೆಯ ತಂಡವೇ ಸಹಿ ಹಾಕಿಸಿ ಕೂಡಲೇ ಟ್ರೇಡ್ ಮಾಡುವ ರೀತಿಯಲ್ಲಿ, ಮೂರು ವರ್ಷಕ್ಕೆ ಸುಮಾರು 4.8 ಕೋಟಿ. ಬದಲಿಗೆ ಫಾಂಟೆಕಿಯೊ ಹೋದ. ಆ ದಾರಿಯಲ್ಲಿ ಆಟಗಾರನನ್ನು ಪಡೆದ ತಂಡ ಆ ವರ್ಷ ಒಟ್ಟು ಸಂಬಳಕ್ಕೆ ಹಾಕಿದ ಮೊದಲ ಏಪ್ರನ್ ಎಂಬ ಗೆರೆಯನ್ನು, ಅಂದರೆ 19.59 ಕೋಟಿಯನ್ನು, ಯಾವ ಕಾರಣಕ್ಕೂ ದಾಟುವಂತಿಲ್ಲ. ಕ್ಯಾಪ್ ಜಾಗ ಎಷ್ಟಿದೆ ಎಂದು ಎಣಿಸುತ್ತಿದ್ದ ಡೆಟ್ರಾಯಿಟ್ ಅಭಿಮಾನಿ ಆ ವರ್ಷ ಏಪ್ರನ್‌ಗೆ ಎಷ್ಟು ದೂರ ಇದೆ ಎಂದು ಎಣಿಸಬೇಕಾಯಿತು. ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.