ಐದು ಕಾಂಪೊನೆಂಟ್‌ಗಳ ಡಿಸೈನ್ ಸಿಸ್ಟಂ

ಕೇಳುಗರಿಗೆ ನಮಸ್ಕಾರ.

ಬಟನ್, ಕಾರ್ಡ್‌ನಂಥ ಮತ್ತೆ ಮತ್ತೆ ಬಳಸುವ ಪರದೆಯ ಬಿಡಿಭಾಗಗಳೇ ಕಾಂಪೊನೆಂಟ್‌ಗಳು; ಅವುಗಳ ಜೊತೆ ಬಣ್ಣ, ಅಂತರಗಳ ನಿಯಮಗಳೂ ಸೇರಿದರೆ ಡಿಸೈನ್ ಸಿಸ್ಟಂ. ಸ್ಟಾರ್ಟಪ್‌ಗಳಲ್ಲಿ ಡಿಸೈನ್ ಸಿಸ್ಟಂ ಎಂದೊಡನೆ ಐವತ್ತು ಕಾಂಪೊನೆಂಟ್‌ಗಳ ಪಟ್ಟಿ ಹಿಡಿದು ಕೂರುವವರೇ ಹೆಚ್ಚು. ನಾಲ್ಕೈದು ಜನರ ತಂಡಕ್ಕೆ ಅಷ್ಟು ಬೇಡ. ಮೊದಲು ಈಗಿರುವ ಕೋಡ್‌ನಲ್ಲಿ ಹ್ಯಾಶ್ ಚಿಹ್ನೆಯಿಂದ ಶುರುವಾಗುವ ಬಣ್ಣದ ಸಂಕೇತಗಳನ್ನೆಲ್ಲ ಹುಡುಕಿ ಪಟ್ಟಿ ಮಾಡಿ. ಕಣ್ಣಿಗೆ ಒಂದೇ ಎನಿಸುವ ಬೂದು ಬಣ್ಣವೇ ಹಲವು ಬಗೆಯಲ್ಲಿ ಸಿಕ್ಕೀತು. ಅವನ್ನು ಐದಾರಕ್ಕೆ ಇಳಿಸಿ.

ಉಳಿದವಕ್ಕೆ ಹೆಸರಿಡಿ. ಇವೇ ಟೋಕನ್‌ಗಳು, ಪುಟದ ರೂಪ ಹೇಳುವ ಸಿಎಸ್‌ಎಸ್ ಭಾಷೆಯ ವೇರಿಯಬಲ್‌ಗಳಲ್ಲಿ ಬರೆದರೆ ಸಾಕು. ಆದರೆ ಕಾಂಪೊನೆಂಟ್‌ನೊಳಗೆ 'ನೀಲಿ' ಎಂಬ ಹೆಸರು ಬೇಡ, 'ಮುಖ್ಯ ಬಟನ್‌ನ ಹಿನ್ನೆಲೆ' ಎಂದಿರಲಿ. ಡಾರ್ಕ್ ಮೋಡ್ ಬಂದ ದಿನ ನೀಲಿ ಎಂಬ ಹೆಸರಿನಲ್ಲಿ ಬೇರೆ ಬಣ್ಣ ಕೂತಿರುತ್ತದೆ! ಅಂತರಗಳಿಗೆ 4, 8, 12, 16, 24, 32 ಪಿಕ್ಸೆಲ್ ಸಾಕು.

ಆಮೇಲೆ ಐದೇ ಕಾಂಪೊನೆಂಟ್ ಮಾಡಿ: ಬಟನ್, ಬರೆಯುವ ಇನ್‌ಪುಟ್, ಆಯ್ಕೆಯ ಸೆಲೆಕ್ಟ್, ಕಾರ್ಡ್, ಪುಟದ ಮೇಲೆ ತೆರೆಯುವ ಡೈಲಾಗ್. ಇವುಗಳಲ್ಲಿ ಹೆಚ್ಚು ಕಾಡುವುದು ಬಟನ್. ಎಚ್‌ಟಿಎಂಎಲ್ ಫಾರ್ಮ್‌ನೊಳಗಿನ ಬಟನ್‌ಗೆ ಟೈಪ್ ಹೇಳದಿದ್ದರೆ ಅದು ತಾನಾಗಿ ಸಬ್‌ಮಿಟ್, ಎಂದರೆ ಫಾರ್ಮ್ ಸಲ್ಲಿಸುವ ಬಟನ್, ಆಗಿರುತ್ತದೆ. 'ರದ್ದು' ಒತ್ತಿದವರ ಫಾರ್ಮ್ ಸಲ್ಲಿಕೆಯಾಗಿಬಿಡುತ್ತದೆ. ಹಾಗಾಗಿ ನಿಮ್ಮ ಕಾಂಪೊನೆಂಟ್‌ನ ಮೂಲ ಟೈಪ್ 'ಬಟನ್' ಇರಲಿ. ಲೋಡಿಂಗ್ ಸ್ಥಿತಿಯಲ್ಲಿ ಅಕ್ಷರ ಅಳಿಸಿ ಸ್ಪಿನ್ನರ್ ಇಟ್ಟರೆ ಅಗಲ ಕುಗ್ಗಿ ಪಕ್ಕದ್ದೆಲ್ಲ ಜಿಗಿಯುತ್ತದೆ. ಅಕ್ಷರವನ್ನು ಕಾಣದಂತೆ ಮಾಡಿ, ಜಾಗ ಉಳಿಸಿ, ಅದರ ಮೇಲೆ ಸ್ಪಿನ್ನರ್ ಕೂರಿಸಿ. ಎರಡನೇ ಒತ್ತನ್ನೂ ತಡೆಯಿರಿ. ಆಯ್ಕೆಯಾದ ಬಟನ್‌ನ ಸುತ್ತ ಕಾಣುವ ಫೋಕಸ್ ಗೆರೆ ಚೆಂದವಿಲ್ಲ ಎಂದು ಕಿತ್ತುಹಾಕಿದರೆ ಕೀಬೋರ್ಡ್ ಬಳಸುವವರಿಗೆ ತಾವೆಲ್ಲಿದ್ದೇವೆಂದೇ ತಿಳಿಯದು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಎಂದರೆ ಹೊಳಪಿನ ಅನುಪಾತ, ಕನಿಷ್ಠ 4.5:1 ಬೇಕು.

ಡೈಲಾಗ್‌ಗೆ ಬ್ರೌಸರ್‌ನದೇ ಡೈಲಾಗ್ ಎಲಿಮೆಂಟ್ ಬಳಸಿ. ಮೋಡಲ್ ಆಗಿ, ಅಂದರೆ ಹಿಂದಿನ ಪುಟ ಬಳಸಲಾಗದಂತೆ, ತೆರೆದರೆ ಎಸ್ಕೇಪ್ ಕೀಯಿಂದ ಮುಚ್ಚುವುದನ್ನು ಅದೇ ನೋಡಿಕೊಳ್ಳುತ್ತದೆ.

ಕಾಂಪೊನೆಂಟ್‌ಗಳು ಹಾಳಾಗುವುದು ಪ್ರಾಪ್‌ಗಳಿಂದ, ಎಂದರೆ ಬಳಸುವಾಗ ನಾವು ಕೊಡುವ ಆಯ್ಕೆಗಳಿಂದ. ದೊಡ್ಡದು, ಕೆಂಪು, ಅಂಚಿಲ್ಲದ್ದು ಹೀಗೆ ಐದು ಹೌದು-ಅಲ್ಲಗಳು ಸೇರಿದರೆ 32 ರೂಪ; ಅಷ್ಟನ್ನೂ ಪರೀಕ್ಷಿಸುವವರು ಯಾರು? 'ವೇರಿಯಂಟ್' ಎಂಬ ಒಂದೇ ಪ್ರಾಪ್ ಇರಲಿ, ಅದಕ್ಕೆ ಮೂರೇ ಆಯ್ಕೆ: ಮುಖ್ಯ, ಸಾಧಾರಣ, ಅಪಾಯ. ಹೊರಗಿನ ಮಾರ್ಜಿನ್ ಕಾಂಪೊನೆಂಟ್‌ನೊಳಗೆ ಇರಲೇಬಾರದು, ಅದು ಪುಟದ ಕೆಲಸ.

ಹೊಸ ಕಾಂಪೊನೆಂಟ್ ಸೇರಿಸುವುದು ಅದೇ ರೂಪ ಮೂರನೇ ಕಡೆ ಬೇಕಾದಾಗ. ಎರಡನೇ ಆ್ಯಪ್ ಬರುವವರೆಗೆ ಪ್ರತ್ಯೇಕ ಪ್ಯಾಕೇಜ್ ಬೇಡ, ಅದೇ ರೆಪೊದಲ್ಲಿ, ಎಂದರೆ ಕೋಡ್ ಇಡುವ ಸಂಗ್ರಹದಲ್ಲಿ, ಒಂದು ಫೋಲ್ಡರ್ ಸಾಕು. ಹಳೆಯ ಪರದೆಗಳನ್ನು ಒಟ್ಟಿಗೆ ಬದಲಿಸಲು ಹೊರಡಬೇಡಿ. ಬೇರೆ ಕೆಲಸಕ್ಕೆ ಫೈಲ್ ತೆರೆದಾಗ ಆ ಪರದೆಯ ಬದಲಾವಣೆಯನ್ನೂ ಮುಗಿಸಿ. ಟೋಕನ್ ಇಲ್ಲದ ಬಣ್ಣಗಳ ಎಣಿಕೆ ಹೆಚ್ಚಿದರೆ ಬಿಲ್ಡ್, ಎಂದರೆ ಆ್ಯಪ್ ಸಿದ್ಧಪಡಿಸುವ ಹಂತ, ನಿಲ್ಲುವಂತೆ ಕೋಡ್ ತಪಾಸಣೆಯ ಒಂದು ಲಿಂಟ್ ನಿಯಮ ಹಾಕಿಡಿ.

ನಮಸ್ಕಾರ.