ಮೀಟರ್ ಬಿಚ್ಚುವ ಮುಂಚೆ ಟೈರ್ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರಿನ ಸ್ಪೀಡೋಮೀಟರ್ ತಪ್ಪು ತೋರಿಸಿದರೆ ಏನು ಮಾಡಬೇಕು, ಸ್ವಲ್ಪ ತಿಳಿಸಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ತುಂಬಾ ಖುಷಿಯಿಂದ ಬಂದಿದ್ದೇನೆ. ಮೂವತ್ತು ವರ್ಷ ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಹುಡುಗರಿಗೆ ಪಾಠ ಹೇಳಿದ್ದೇನೆ. ಅವರಿಗೆ ಪ್ರತಿ ವರ್ಷ ಹೇಳುತ್ತಿದ್ದ ಮಾತನ್ನೇ ನಿಮಗೂ ಮೊದಲೇ ಹೇಳಿಬಿಡುತ್ತೇನೆ. ಮೀಟರ್ ಬಿಚ್ಚುವ ಮುಂಚೆ ಟೈರ್ ನೋಡಿ. ಇವತ್ತಿನ ಮಾತಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಯಾಕೆ ಅಂತ ಹೇಳುತ್ತೇನೆ. ಮೀಟರ್‌ಗೆ ರಸ್ತೆ ಕಾಣುವುದಿಲ್ಲ. ಗಾಡಿ ಎಷ್ಟು ದೂರ ಹೋಯಿತು ಅಂತಲೂ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ, ಚಕ್ರ ಎಷ್ಟು ಸುತ್ತು ತಿರುಗಿತು ಅನ್ನುವುದು. ಹೂವು ಮಾರುವವರು ಮೊಳ ಹಾಕಿ ಹೂವು ಕೊಡುತ್ತಾರಲ್ವಾ? ಉದ್ದ ಕೈಯವರು ಹಾಕಿದ ಹತ್ತು ಮೊಳ, ಗಿಡ್ಡ ಕೈಯವರು ಹಾಕಿದ ಹತ್ತು ಮೊಳ, ಲೆಕ್ಕದಲ್ಲಿ ಎರಡೂ ಹತ್ತೇ. ಆದರೆ ಮಾಲೆಯ ಉದ್ದ ಬೇರೆ. ಟೈರ್ ಅನ್ನುವುದು ಕಾರಿನ ಮೊಳ. ಕಂಪನಿಯವರು ಒಂದು ಅಳತೆಯ ಟೈರ್ ಇಟ್ಟುಕೊಂಡು ಮೀಟರ್ ಲೆಕ್ಕ ಕೂರಿಸಿರುತ್ತಾರೆ. ನೀವು ದೊಡ್ಡ ಟೈರ್ ಹಾಕಿಸಿದಿರಿ ಅಂತಿಟ್ಟುಕೊಳ್ಳಿ. ಒಂದೊಂದು ಸುತ್ತಿಗೂ ಗಾಡಿ ಜಾಸ್ತಿ ದೂರ ಹೋಗುತ್ತದೆ. ಮೀಟರ್ ಮಾತ್ರ ಹಳೇ ಲೆಕ್ಕವನ್ನೇ ಹೇಳುತ್ತದೆ. ಅಂದರೆ ನೀವು ಜೋರಾಗಿ ಹೋಗುತ್ತಿರುತ್ತೀರಿ, ಮುಳ್ಳು ಕಡಿಮೆ ತೋರಿಸುತ್ತಿರುತ್ತದೆ. ಅಪಾಯ ಇರುವುದು ಇಲ್ಲೇ.

ಟೈರ್ ಸವೆದರೆ ಇದಕ್ಕೆ ಉಲ್ಟಾ. ಹೊಸ ಟೈರಿನ ಹಲ್ಲು ಸುಮಾರು 8 ಮಿಲಿಮೀಟರ್ ಆಳ ಇರುತ್ತದೆ. ಸವೆದು 2ಕ್ಕೆ ಬಂದಾಗ ಚಕ್ರದ ಎತ್ತರ 12 ಮಿಲಿಮೀಟರ್ ಕಡಿಮೆಯಾಗಿರುತ್ತದೆ. ನೂರಕ್ಕೆ ಎರಡು ಕಿಲೋಮೀಟರ್ ವ್ಯತ್ಯಾಸ ಅಷ್ಟರಲ್ಲೇ ಬಂತು.

ಈಗ ಬಹಳ ಜನ ಕೇಳುವ ಪ್ರಶ್ನೆ. "ಸರ್, ಮೀಟರ್ 100 ತೋರಿಸುತ್ತದೆ, ಮೊಬೈಲ್ 95 ತೋರಿಸುತ್ತದೆ. ಮೀಟರ್ ಕೆಟ್ಟಿದೆಯಾ?" ಕೆಟ್ಟಿಲ್ಲ. ದಯವಿಟ್ಟು ಅದನ್ನು ಮುಟ್ಟಬೇಡಿ. ಸ್ಪೀಡೋಮೀಟರ್ ಬಗ್ಗೆ ವಿಶ್ವಸಂಸ್ಥೆಯ 39ನೇ ನಿಯಮ ಅಂತ ಒಂದಿದೆ. ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು, ಜಾಸ್ತಿ ತೋರಿಸಿದರೆ ನೂರಕ್ಕೆ ಹತ್ತು ಭಾಗ, ಅದರ ಮೇಲೆ 4 ಕಿಲೋಮೀಟರ್‌ವರೆಗೆ ನಡೆಯುತ್ತದೆ ಅಂತ ಅದು ಹೇಳುತ್ತದೆ. ಹಾಗಾಗಿ ಕಾರು ಮಾಡುವವರೇ ಮುಳ್ಳನ್ನು ಸ್ವಲ್ಪ ಮುಂದೆ ಇಟ್ಟಿರುತ್ತಾರೆ. ಸಾವಿರಾರು ರೂಪಾಯಿ ಖರ್ಚು ಮಾಡಿ ಅದನ್ನು ಸರಿ ಮಾಡಿಸಲು ಓಡಾಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಮೀಟರ್ ಜಾಸ್ತಿ ತೋರಿಸಿದರೆ ಹೆದರಬೇಡಿ. ಕಡಿಮೆ ತೋರಿಸಿದರೆ ಮಾತ್ರ ಎಚ್ಚರವಾಗಿ.

ಕಡಿಮೆ ತೋರಿಸುತ್ತಿದೆ ಅಂತ ಗೊತ್ತಾಗುವುದು ಹೇಗೆ? ಯಾವ ಯಂತ್ರವೂ ಬೇಡ. ರಸ್ತೆ ಬದಿಯ ಕಿಲೋಮೀಟರ್ ಕಲ್ಲು ಸಾಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಳದಿ ತಲೆಯ ಕಲ್ಲು, ರಾಜ್ಯ ಹೆದ್ದಾರಿಯಲ್ಲಿ ಹಸಿರು ತಲೆಯದು. ಬೆಳಗಿನ ಜಾವ ರಸ್ತೆ ಖಾಲಿ ಇರುವಾಗ ಹೋಗಿ. ನಮ್ಮ ಹಾಸನದ ಕಡೆಯವರಾದರೆ ಚನ್ನರಾಯಪಟ್ಟಣದ ರಸ್ತೆ ಒಳ್ಳೆಯದು. ಮುಳ್ಳನ್ನು 60ರ ಮೇಲೆ ಅಲ್ಲಾಡದ ಹಾಗೆ ನಿಲ್ಲಿಸಿ. ಪಕ್ಕದಲ್ಲಿ ಕೂತವರು ಗಡಿಯಾರ ನೋಡಲಿ, ನೀವು ನೋಡಬೇಡಿ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಸರಿಯಾಗಿ 60 ಸೆಕೆಂಡ್ ಆಗಬೇಕು. ಎಷ್ಟೇ ಸೆಕೆಂಡ್ ಆಗಲಿ, 3600ನ್ನು ಅದರಿಂದ ಭಾಗಿಸಿ. ಬಂದದ್ದೇ ನಿಮ್ಮ ನಿಜವಾದ ವೇಗ. 64 ಸೆಕೆಂಡ್ ಆದರೆ 56 ಕಿಲೋಮೀಟರ್ ವೇಗ, ಚಿಂತೆ ಇಲ್ಲ. 57 ಸೆಕೆಂಡ್‌ಗೇ ಮುಟ್ಟಿದರೆ 63. ಆಗ ಗಾಡಿ ನಿಲ್ಲಿಸಿ, ಇಳಿದು, ಟೈರ್ ನೋಡಿ.

ಈ ಟೈರ್ ವಿಚಾರಕ್ಕೆ ಒಂದು ಘಟನೆ ಹೇಳಲೇಬೇಕು. ಇಪ್ಪತ್ತು ವರ್ಷದ ಹಿಂದಿನ ಮಾತು. ನಮ್ಮ ಬೀದಿಯಲ್ಲಿ ಒಬ್ಬರು ಗಣಿತದ ಮೇಷ್ಟ್ರು ಇದ್ದರು. ಅವರ ಹತ್ತಿರ ಹಳೇ ಮಾರುತಿ 800 ಇತ್ತು. ಮೇಷ್ಟ್ರು ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟು. ಕಾರಿನಲ್ಲಿ ಒಂದು ಉದ್ದನೆಯ ನೋಟ್ ಪುಸ್ತಕ ಇಟ್ಟಿದ್ದರು. ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗ ಎಷ್ಟು ಲೀಟರ್, ಮೀಟರ್‌ನಲ್ಲಿ ಎಷ್ಟು ಕಿಲೋಮೀಟರ್, ಎಲ್ಲ ನೀಲಿ ಇಂಕಿನಲ್ಲಿ ಬರೆಯುತ್ತಿದ್ದರು. ಲೀಟರ್‌ಗೆ 18 ಕಿಲೋಮೀಟರ್. ನಾಲ್ಕು ವರ್ಷದ ಲೆಕ್ಕ ತಿರುವಿ ಹಾಕಿದರೂ ಹದಿನೆಂಟೇ.

ಒಂದು ತಿಂಗಳಿಂದ ಅದು 17ಕ್ಕೆ ಇಳಿದುಬಿಟ್ಟಿತು. ಮೇಷ್ಟ್ರಿಗೆ ನಿದ್ದೆ ಇಲ್ಲ. ಮೊದಲು ಕಾರ್ಬುರೇಟರ್ ತೊಳೆಸಿದರು. 17. ಸ್ಪಾರ್ಕ್ ಪ್ಲಗ್ ಬದಲಾಯಿಸಿದರು. 17. ಏರ್ ಫಿಲ್ಟರ್ ಹೊಸದು ಹಾಕಿಸಿದರು. ಆಗಲೂ 17. ಆಮೇಲೆ ಬಂಕಿನವರ ಮೇಲೆ ಅನುಮಾನ ಬಂತು. ಹತ್ತು ವರ್ಷದಿಂದ ಹೋಗುತ್ತಿದ್ದ ಬಂಕ್ ಬಿಟ್ಟು, ಊರಾಚೆಯ ಬಂಕಿಗೆ ಹೋಗಲು ಶುರು ಮಾಡಿದರು. ಆಗಲೂ ಹದಿನೇಳೇ.

ಅಷ್ಟರಲ್ಲಿ ಅವರಿಗೆ ಇನ್ನೊಂದು ಅನುಮಾನ. ಮುಳ್ಳು ಯಾಕೋ ಕಡಿಮೆ ತೋರಿಸುತ್ತಿದೆ. 60ರಲ್ಲಿ ಹೋಗುವಾಗ ಇಷ್ಟು ಜೋರು ಅನ್ನಿಸುತ್ತಿರಲಿಲ್ಲವಲ್ಲ! ಮೀಟರ್ ಅಂಗಡಿಗೆ ಹೋದರು. ಅಲ್ಲಿ ಕೇಬಲ್ ಬದಲಾಯಿಸಿದರು. ಸರಿಹೋಗಲಿಲ್ಲ. ಮೀಟರನ್ನೇ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಮತ್ತೆ ಹಾಕಿದರು. ಆಗಲೂ ಸರಿಹೋಗಲಿಲ್ಲ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆ ಮುಂದೆ ಗಾಡಿ ತಂದು ನಿಲ್ಲಿಸಿದರು.

ನಾನು ಬಾನೆಟ್ ಎತ್ತಲಿಲ್ಲ. "ಮೇಷ್ಟ್ರೇ, ನಿಮ್ಮ ಲೆಕ್ಕದ ಪುಸ್ತಕ ಕೊಡಿ" ಅಂದೆ. ಜಗಲಿ ಮೇಲೆ ಕೂತು ಹಾಳೆ ತಿರುಗಿಸಿದೆ. 18, 18, 18, ಆಮೇಲೆ 17. ಅದು ಬದಲಾದ ವಾರ ಯಾವುದು ಅಂತ ನೋಡಿಕೊಂಡೆ. ಪುಸ್ತಕದ ಹಿಂದಿನ ಹಾಳೆಯಲ್ಲಿ ರಿಪೇರಿ ಖರ್ಚು ಬರೆದಿದ್ದರು. ಅದೇ ವಾರ, ಅದೇ ನೀಲಿ ಇಂಕಿನಲ್ಲಿ, "ಹೊಸ ಟೈರ್, ನಾಲ್ಕು" ಅಂತ ಇತ್ತು.

ಟೈರ್ ಪಕ್ಕದಲ್ಲಿ ಬಗ್ಗಿ ಕೂತೆ. ಮಣ್ಣು ಮೆತ್ತಿಕೊಂಡಿತ್ತು. ಬೆರಳಿನಿಂದ ಒರೆಸಿ ಓದಿದೆ. 145, 80, ಆರ್ 12 ಅಂತ ಇತ್ತು. "ಮೇಷ್ಟ್ರೇ, ಸ್ಟೆಪ್ನಿ ತೆಗೆಯಿರಿ" ಅಂದೆ. ಸ್ಟೆಪ್ನಿ ಮಾತ್ರ ಹಳೆಯದೇ ಉಳಿದಿತ್ತು. ಅದರ ಮೇಲೆ 145, 70, ಆರ್ 12. ಗಾಡಿಯಿಂದ ಒಂದು ಚಕ್ರ ಬಿಚ್ಚಿ, ಸ್ಟೆಪ್ನಿ ಪಕ್ಕದಲ್ಲಿ ಅಂಗಳದಲ್ಲಿ ನಿಲ್ಲಿಸಿದೆ. ಎರಡರ ತಲೆ ಮೇಲೆ ಒಂದು ಉದ್ದ ಸ್ಕೇಲ್ ಇಟ್ಟೆ. ಸ್ಕೇಲ್ ಓರೆಯಾಗಿ ಕೂತಿತು. ಸುಮಾರು 3 ಸೆಂಟಿಮೀಟರ್ ಎತ್ತರದ ವ್ಯತ್ಯಾಸ. ಅಂಗಡಿಯವರು 800ಕ್ಕೆ ಆಲ್ಟೋ ಟೈರ್ ಹಾಕಿ ಕಳಿಸಿದ್ದರು. ರಿಮ್ ಒಂದೇ ಅಳತೆ, ಹಾಗಾಗಿ ಸಲೀಸಾಗಿ ಕೂತುಬಿಟ್ಟಿದೆ.

ಮೇಷ್ಟ್ರು ಮಾತಾಡಲಿಲ್ಲ. ಜೇಬಿನಿಂದ ಪೆನ್ನು ತೆಗೆದರು. ಅವರು ಮಾಡಿದ ಲೆಕ್ಕವನ್ನೇ ಹೇಳುತ್ತೇನೆ, ನೀವೂ ಬರೆದುಕೊಳ್ಳಬಹುದು. ಟೈರ್ ಮೇಲಿನ ಮೊದಲ ಸಂಖ್ಯೆ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದು, ಆ ಅಗಲದಲ್ಲಿ ನೂರಕ್ಕೆ ಎಷ್ಟು ಭಾಗ ಟೈರಿನ ಗೋಡೆಯ ಎತ್ತರ ಅನ್ನುವುದು. ಕೊನೆಯದು ರಿಮ್, ಇಂಚಿನಲ್ಲಿ. ಗೋಡೆ ಮೇಲೊಂದು ಕೆಳಗೊಂದು ಇರುವುದರಿಂದ ಎರಡು ಸಲ ಕೂಡಬೇಕು. ಹಳೇ ಚಕ್ರದ ಎತ್ತರ 508 ಮಿಲಿಮೀಟರ್. ಹೊಸದರದ್ದು 537. ನೂರಕ್ಕೆ ಐದೂಮುಕ್ಕಾಲು ಜಾಸ್ತಿ. ಒಂದೊಂದು ಸುತ್ತಿಗೆ ಗಾಡಿ 9 ಸೆಂಟಿಮೀಟರ್ ಮುಂದೆ ಹೋಗುತ್ತಿದೆ, ಮೀಟರ್‌ಗೆ ಅದರ ಸುಳಿವೇ ಇಲ್ಲ. ಆಮೇಲೆ 18ನ್ನು ಅದೇ ಲೆಕ್ಕಕ್ಕೆ ಇಳಿಸಿದರು. ಬಂದದ್ದು ಸರಿಯಾಗಿ 17. ತಲೆ ಎತ್ತಿ, "ಪೆಟ್ರೋಲ್ ಎಲ್ಲೂ ಹೋಗಿಲ್ಲ ಕಣ್ರೀ, ಕಿಲೋಮೀಟರ್ ಕಳೆದುಹೋಗಿದೆ" ಅಂದರು.

ಅಷ್ಟಕ್ಕೇ ಬಿಡಲಿಲ್ಲ ಅವರು. ಅವತ್ತೇ ಸಂಜೆ ನನ್ನನ್ನು ಕೂರಿಸಿಕೊಂಡು ಕಲ್ಲು ಎಣಿಸಿಕೊಂಡು 20 ಕಿಲೋಮೀಟರ್ ಹೋದರು. ಮೀಟರ್ 19 ಕೂಡ ಮುಟ್ಟಿರಲಿಲ್ಲ. ಮರುವಾರ ಸರಿಯಾದ ಟೈರ್ ಹಾಕಿಸಿದರು. ಪುಸ್ತಕದಲ್ಲಿ ಮತ್ತೆ 18 ಬಂತು. ಹಳೇ ಬಂಕಿಗೇ ವಾಪಸ್ ಹೋದರು, ಅದನ್ನೂ ಹೇಳಬೇಕು.

ನೋಡಿ, ಕಾರ್ಬುರೇಟರ್, ಪ್ಲಗ್, ಕೇಬಲ್, ಮೀಟರ್, ಎಲ್ಲದಕ್ಕೂ ದುಡ್ಡು ಸುರಿದಾಗಿತ್ತು. ಟೈರ್ ಪಕ್ಕದಲ್ಲಿ ಬರೆದಿದ್ದನ್ನು ಓದುವುದಕ್ಕೆ ಒಂದು ಪೈಸೆ ಖರ್ಚಿರಲಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ತೋಟದವರು ಬೊಲೆರೊಗೆ 215ರ ಬದಲು 235ರ ಟೈರ್ ಹಾಕಿಸುತ್ತಾರೆ. ಕೆಸರಿನಲ್ಲಿ ಹಿಡಿತ ಬೇಕು, ಸರಿ, ನನಗೂ ಅರ್ಥವಾಗುತ್ತದೆ. ಆದರೆ ಅಗಲ ಹೆಚ್ಚಿದರೆ ಗೋಡೆಯ ಎತ್ತರವೂ ಹೆಚ್ಚುತ್ತದೆ, ಮುಳ್ಳು 80 ಅಂದಾಗ ಮೊದಲಿಗಿಂತ 3 ಕಿಲೋಮೀಟರ್ ಜೋರಾಗಿ ಹೋಗುತ್ತಿದ್ದೀರಿ ಅನ್ನುವುದು ನೆನಪಿರಲಿ. ಬದಲಾಯಿಸಲೇಬೇಕು ಅಂದರೆ ಎತ್ತರ ಒಂದೇ ಇರುವ ಟೈರ್ ಹುಡುಕಿ. ಸ್ವಿಫ್ಟ್‌ನಲ್ಲಿ ಕಂಪನಿಯವರೇ ಎರಡು ಅಳತೆ ಕೊಟ್ಟಿದ್ದಾರೆ. 165, 80, ಆರ್ 14 ಒಂದು. 185, 65, ಆರ್ 15 ಇನ್ನೊಂದು. ಲೆಕ್ಕ ಹಾಕಿ ನೋಡಿ, ಎತ್ತರದಲ್ಲಿ 2 ಮಿಲಿಮೀಟರ್ ವ್ಯತ್ಯಾಸ ಅಷ್ಟೇ. ರಿಮ್ ಬದಲಾದರೂ ಮೊಳ ಬದಲಾಗಲಿಲ್ಲ.

ಸಮಯ ಓಡುತ್ತಿದೆ. ಟೈರ್ ಸರಿಯಿದೆ, ಆದರೂ ಮೀಟರ್ ತಪ್ಪು ಅಂತಿಟ್ಟುಕೊಳ್ಳಿ. ಆಗ ಮುಳ್ಳನ್ನೂ ಕಿಲೋಮೀಟರ್ ಅಂಕಿಯನ್ನೂ ಬೇರೆ ಬೇರೆಯಾಗಿ ನೋಡಿ. ಹಳೇ ಮೀಟರ್‌ಗಳಲ್ಲಿ ಗೇರ್‌ಬಾಕ್ಸ್‌ನಿಂದ ಒಂದು ಕೇಬಲ್ ತಿರುಗುತ್ತಾ ಬರುತ್ತದೆ. ಅದರ ತುದಿಯಲ್ಲಿ ಒಂದು ಅಯಸ್ಕಾಂತ ತಿರುಗುತ್ತದೆ. ಅದರ ಸುತ್ತ ತೆಳ್ಳನೆಯ ಅಲ್ಯೂಮಿನಿಯಂ ಬಟ್ಟಲು. ಒಂದಕ್ಕೊಂದು ತಾಗುವುದಿಲ್ಲ. ಅಯಸ್ಕಾಂತ ತಿರುಗಿದಾಗ ಬಟ್ಟಲನ್ನು ತನ್ನ ಜೊತೆ ಎಳೆಯುತ್ತದೆ, ಕೂದಲೆಳೆಯಂಥ ಒಂದು ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಈ ಜಗ್ಗಾಟ ಎಲ್ಲಿ ಸಮ ಆಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಒಟ್ಟೋ ಶುಲ್ಜೆ 1902ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು. ಎಷ್ಟು ಚೆಂದದ ಕೆಲಸ! ಮೊದಲ ಸಲ ಬಿಚ್ಚಿ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಕಿಲೋಮೀಟರ್ ಅಂಕಿಗಳು ಮಾತ್ರ ಹಲ್ಲುಚಕ್ರದಿಂದ ತಿರುಗುತ್ತವೆ. ಅವಕ್ಕೆ ಅಯಸ್ಕಾಂತವೂ ಇಲ್ಲ, ಸ್ಪ್ರಿಂಗೂ ಇಲ್ಲ.

ಹಾಗಾಗಿ ಕಲ್ಲಿನ ಲೆಕ್ಕಕ್ಕೆ ಅಂಕಿ ಸರಿ ಇದ್ದು ಮುಳ್ಳು ಮಾತ್ರ ತಪ್ಪಿದ್ದರೆ, ದೋಷ ಮೀಟರ್ ಒಳಗೇ. ಆಗ ಬಿಚ್ಚಿಸಿ, ಬೇಡ ಅನ್ನುವುದಿಲ್ಲ. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಟೈರ್, ಇಲ್ಲವೇ ಗೇರ್‌ಬಾಕ್ಸ್‌ನಲ್ಲಿ ಹಲ್ಲಿನ ಲೆಕ್ಕ ತಪ್ಪಿದ ಪಿನಿಯನ್, ಅಂದರೆ ಕೇಬಲ್ ತಿರುಗಿಸುವ ಸಣ್ಣ ಹಲ್ಲುಚಕ್ರ. ಎರಡೂ ಸತ್ತಿದ್ದರೆ ಕೇಬಲ್ ತುಂಡಾಗಿದೆ, ಅಥವಾ ಪಿನಿಯನ್ ಹಲ್ಲು ಸವೆದಿದೆ. ಮುಳ್ಳು ಕುಣಿಯುತ್ತಾ ಕಿರ್ ಕಿರ್ ಅಂತ ಸದ್ದು ಬಂದರೆ ಕೇಬಲ್ ಒಣಗಿದೆ. ಒಳಗಿನ ತಂತಿ ಎಳೆದು, ಕಪ್ಪಗೆ ಅಂಟಾಗಿರುವ ಹಳೇ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ತೆಳುವಾಗಿ ಸವರಿ. ಮೀಟರ್ ಕಡೆಯ ಒಂದು ಗೇಣು ಬಿಟ್ಟುಬಿಡಿ. ಇಲ್ಲದಿದ್ದರೆ ಗ್ರೀಸ್ ತಿರುಗುತ್ತಾ ತಿರುಗುತ್ತಾ ಮೀಟರ್ ಒಳಗೆ ಹತ್ತಿಬಿಡುತ್ತದೆ.

ಹೊಸ ಕಾರುಗಳಲ್ಲಿ ಕೇಬಲ್ ಇಲ್ಲ. ಗೇರ್‌ಬಾಕ್ಸ್‌ನಲ್ಲೋ ಚಕ್ರದ ಹತ್ತಿರವೋ ಸೆನ್ಸರ್ ಇರುತ್ತದೆ. ಮುಳ್ಳು ಬಿಟ್ಟು ಬಿಟ್ಟು ಬಿದ್ದರೆ ಮೊದಲು ಆ ಸೆನ್ಸರ್‌ನ ವೈರು, ಕನೆಕ್ಟರ್ ನೋಡಿಸಿ. ಕೆಲವು ಕಾರಿನಲ್ಲಿ ಸ್ಕ್ಯಾನರ್ ಹಾಕಿ ಟೈರ್ ಅಳತೆಯನ್ನು ತಿದ್ದಬಹುದು. ಇನ್ನೊಂದು, ಡಯಲ್‌ಗೆ ಬಣ್ಣದ ಲೈಟ್ ಹಾಕಿಸಲು ಮುಳ್ಳು ಕೀಳಿಸಬೇಡಿ. ಕಿತ್ತ ಮುಳ್ಳನ್ನು ಕಣ್ಣಂದಾಜಿನಲ್ಲಿ ವಾಪಸ್ ಸಿಕ್ಕಿಸುತ್ತಾರೆ. ಆಮೇಲೆ ಎಲ್ಲ ವೇಗದಲ್ಲೂ ಐದೋ ಹತ್ತೋ ಆಚೀಚೆ. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ 80 ದಾಟಿದರೆ ಬೀಪ್ ಬರುತ್ತದಲ್ವಾ? ಅಳತೆ ಮೀರಿದ ದೊಡ್ಡ ಟೈರ್ ಹಾಕಿದರೆ ಆ ಬೀಪ್ ಕೂಡ ತಡವಾಗಿ ಬರುತ್ತದೆ. ಅದಕ್ಕೂ ಚಕ್ರದ ಸುತ್ತೇ ಆಧಾರ.

ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಸಾಮಾನ್ಯವಾಗಿ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಗಾಳಿಯ ಲೆಕ್ಕದ ಜೊತೆ ಟೈರ್ ಅಳತೆಯೂ ಇರುತ್ತದೆ. ಒಂದು ಚೀಟಿಯಲ್ಲಿ ಬರೆದು ಆರ್‌ಸಿ ಕವರ್‌ನಲ್ಲಿ ಇಟ್ಟುಕೊಳ್ಳಿ. ಟೈರ್ ಅಂಗಡಿಯಲ್ಲಿ "ಯಾವುದಾದರೂ ಹಾಕಿ" ಅನ್ನಬೇಡಿ, ಚೀಟಿ ತೋರಿಸಿ. ಹಾಕಿ ಮುಗಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಬಗ್ಗಿ ನೀವೇ ಓದಿ, ಆಮೇಲೆ ದುಡ್ಡು ಕೊಡಿ. ನಮಸ್ಕಾರ.